ಸಿಟ್ಟು ಗೇಟಿನವರೆಗೆ ಬರುವ ಮುಂಚೆ: ಎಚ್‌ಆರ್ ಮುಖ್ಯಸ್ಥರಿಗೆ ಭಾವನಾತ್ಮಕ ಬುದ್ಧಿಮತ್ತೆಯ ಮಾರ್ಗದರ್ಶಿ

2020ರ ಡಿಸೆಂಬರ್ 12ರ ಬೆಳಿಗ್ಗೆ, ಪಾಳಿ ಬದಲಾಗುವ ಹೊತ್ತಿಗೆ, ಕೋಲಾರ ಜಿಲ್ಲೆಯ ನರಸಾಪುರದ ಮೊಬೈಲ್ ಫೋನ್ ಕಾರ್ಖಾನೆಯಲ್ಲಿ ಕೆಲಸಗಾರರು ಗಾಜು ಒಡೆದರು, ವಾಹನ ಉರುಳಿಸಿದರು. ಟಿವಿಯಲ್ಲಿ ಆ ದೃಶ್ಯಗಳನ್ನು ಎಲ್ಲರೂ ನೋಡಿದರು. ಆಮೇಲೆ ಕಾರ್ಖಾನೆಗಳ ಇಲಾಖೆ ನಡೆಸಿದ ಪರಿಶೀಲನೆಯಲ್ಲಿ ಹೊರಬಂದ ಸಂಗತಿಗಳನ್ನು ಅಷ್ಟು ಜನ ಓದಲಿಲ್ಲ. ಸಂಬಳ ತಡವಾಗಿತ್ತು, ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ) ಲೆಕ್ಕ ಸರಿಯಿರಲಿಲ್ಲ, ಹಾಜರಿ ದಾಖಲೆಯಲ್ಲಿ ಲೋಪಗಳಿದ್ದವು. ಐದು ಸಾವಿರದಷ್ಟಿದ್ದ ಕೆಲಸಗಾರರ ಸಂಖ್ಯೆ ಸ್ವಲ್ಪವೇ ಸಮಯದಲ್ಲಿ ಹತ್ತು ಸಾವಿರ ದಾಟಿದ್ದರೂ ಅಷ್ಟು ಜನರನ್ನು ನೋಡಿಕೊಳ್ಳಲು ತಕ್ಕ ಎಚ್‌ಆರ್ ವಿಭಾಗವೇ ಅಲ್ಲಿ ಇರಲಿಲ್ಲ.

ಅದಕ್ಕೂ ನಾಲ್ಕು ವರ್ಷ ಹಿಂದೆ, 2016ರ ಏಪ್ರಿಲ್ 18 ಮತ್ತು 19ರಂದು, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಹೊಸೂರು ರಸ್ತೆಯನ್ನು ನಿಲ್ಲಿಸಿಬಿಟ್ಟಿದ್ದರು. ಪಿಎಫ್‌ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಫೆಬ್ರವರಿಯಲ್ಲೇ ಹೊರಬಿದ್ದಿತ್ತು. ಮಗಳ ಮದುವೆಗೆ, ಸಾಲ ತೀರಿಸಲು ಆ ದುಡ್ಡನ್ನೇ ನೆಚ್ಚಿಕೊಂಡವರಿಗೆ ಆ ಸುದ್ದಿ ಯಾವ ರೂಪದಲ್ಲಿ ತಲುಪಿರಬಹುದು, ಅದನ್ನು ಕೇಳಿ ಅವರ ಎದೆ ಹೇಗೆ ಧಸಕ್ಕೆಂದಿರಬಹುದು ಎಂದು ಯೋಚಿಸಿ. ಕೇಂದ್ರ ಸರ್ಕಾರ 19ರಂದೇ ನಿಯಮವನ್ನು ಹಿಂತೆಗೆದುಕೊಂಡಿತು.

ಎಚ್‌ಆರ್ ಮುಂದಾಳುಗಳಿಗೆ ಭಾವನಾತ್ಮಕ ಬುದ್ಧಿಮತ್ತೆ ಬೇಕು ಎಂದಾಗ ಬಹಳ ಮಂದಿಯ ಕಣ್ಮುಂದೆ ಬರುವುದು ಮೃದು ಮಾತು, ಹುಟ್ಟುಹಬ್ಬದ ಕೇಕು, ಶುಕ್ರವಾರದ ಆಟಗಳು. ಈ ಪರಿಕಲ್ಪನೆಯನ್ನು 1990ರಲ್ಲಿ ಮಂಡಿಸಿದ ಪೀಟರ್ ಸಲೊವೆ ಮತ್ತು ಜಾನ್ ಮೇಯರ್ ಮುಂದೆ ಅದನ್ನು ನಾಲ್ಕು ಸಾಮರ್ಥ್ಯಗಳಾಗಿ ಬಿಡಿಸಿದರು: ಭಾವನೆಯನ್ನು ಗುರುತಿಸುವುದು, ಯೋಚನೆಗೆ ಅದನ್ನು ಬಳಸುವುದು, ಅದು ಯಾಕೆ ಹುಟ್ಟಿತು, ಮುಂದೆ ಯಾವ ದಿಕ್ಕಿಗೆ ಹೋಗುತ್ತದೆ ಎಂದು ಅರ್ಥ ಮಾಡಿಕೊಳ್ಳುವುದು, ನಿಭಾಯಿಸುವುದು. ನಯವಾಗಿ ಮಾತಾಡುವುದು ಈ ಪಟ್ಟಿಯಲ್ಲೇ ಇಲ್ಲ. ಕೆಲಸಗಾರರ ಸಿಟ್ಟು, ಅಳು, ಮೌನ ಇವೆಲ್ಲ ಸಂಸ್ಥೆಯಲ್ಲಿ ಎಲ್ಲಿ ಏನು ಕೆಟ್ಟಿದೆ ಎಂದು ತಿಳಿಸುವ ಮಾಹಿತಿ. ಅದನ್ನು ಓದಿ, ಕೆಟ್ಟದ್ದನ್ನು ಸರಿಪಡಿಸುವ ಎಚ್‌ಆರ್ ಮುಖ್ಯಸ್ಥರಿಗೆ ಮಾತ್ರ ಈ ಗುಣ ಇದೆ ಎನ್ನಬೇಕು. ಬರೀ ಸಮಾಧಾನ ಹೇಳಿ ಕಳಿಸುವವರನ್ನು ಜನ ಎರಡೇ ತಿಂಗಳಲ್ಲಿ ಗುರುತು ಹಿಡಿಯುತ್ತಾರೆ, ಆಮೇಲೆ ಅವರ ಹತ್ತಿರ ಯಾರೂ ಬರುವುದಿಲ್ಲ.

ಹೆಜ್ಜೆ 1: ಒಳಗೆ ಕರೆಯುವ ಮುಂಚೆ ಹತ್ತು ನಿಮಿಷ

ಕಷ್ಟದ ಮಾತುಕತೆ ಯಾವುದೇ ಇರಲಿ, ಅದಕ್ಕೂ ಹಿಂದಿನ ಮೀಟಿಂಗಿಗೂ ನಡುವೆ ಹತ್ತು ನಿಮಿಷ ಖಾಲಿ ಬಿಡಿ. ಒಂದು ಚೀಟಿಯಲ್ಲಿ ಮೂರು ಸಾಲು ಬರೆಯಿರಿ: ಈಗ ನನ್ನ ಮನಸ್ಸು ಹೇಗಿದೆ, ಅದಕ್ಕೆ ಕಾರಣ ಯಾರು ಅಥವಾ ಏನು, ಈಗ ಬರುವವರಿಗೂ ಆ ಕಾರಣಕ್ಕೂ ಸಂಬಂಧ ಇದೆಯೆ. ಮೂರನೇ ಸಾಲಿನ ಉತ್ತರ ಬಹುಪಾಲು ‘ಇಲ್ಲ’ ಎಂದೇ ಬರುತ್ತದೆ. ಬರೆದ ಚೀಟಿ ಹರಿದು ಹಾಕಿ.

‘ನನಗೆ ಸಿಟ್ಟು ಬಂದರೂ ತೋರಿಸಿಕೊಳ್ಳುವುದಿಲ್ಲ’ ಎಂದು ಹೆಮ್ಮೆಪಡುವ ಎಚ್‌ಆರ್‌ಗಳು ಬಹಳ ಇದ್ದಾರೆ. ಇದು ಅಪಾಯದ ಹೆಮ್ಮೆ. ಮನಃಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಮತ್ತವರ ಸಂಗಡಿಗರ ಪ್ರಯೋಗಗಳು ತೋರಿಸಿರುವಂತೆ, ಭಾವನೆಯನ್ನು ಮುಖದ ಮೇಲೆ ಕಾಣದ ಹಾಗೆ ಅದುಮಿಟ್ಟರೆ ಒಳಗಿನ ಉದ್ವೇಗ ಇಳಿಯುವುದಿಲ್ಲ. ಆ ಹೊತ್ತಿನಲ್ಲಿ ಕೇಳಿದ ಮಾತುಗಳೂ ನೆನಪಿನಲ್ಲಿ ಸರಿಯಾಗಿ ಉಳಿಯುವುದಿಲ್ಲ. ಕಲ್ಲುಮುಖ ಮಾಡಿಕೊಂಡು ವಿಚಾರಣೆ ನಡೆಸಿದವರು ಬರೆದ ನಡಾವಳಿಯಲ್ಲಿ ಮುಖ್ಯವಾದ ಮಾತುಗಳೇ ಬಿಟ್ಟುಹೋಗುವುದು ಇದರಿಂದಲೇ. ಅದುಮುವ ಬದಲು ಸಂಗತಿಯನ್ನು ನೋಡುವ ರೀತಿಯನ್ನೇ ಮೊದಲು ಬದಲಿಸಿಕೊಳ್ಳಬೇಕು. ‘ಇವನು ಜಗಳಕ್ಕೆ ಬಂದಿದ್ದಾನೆ’ ಎಂದುಕೊಂಡು ಕೂರುವುದಕ್ಕೂ ‘ಇವರಿಗೆ ಎಲ್ಲೋ ಪೆಟ್ಟು ಬಿದ್ದಿದೆ, ಎಲ್ಲಿ ಎಂದು ಹುಡುಕಬೇಕು’ ಎಂದುಕೊಂಡು ಕೂರುವುದಕ್ಕೂ ನಿಮ್ಮ ದನಿಯಲ್ಲೇ ವ್ಯತ್ಯಾಸ ಬರುತ್ತದೆ.

ಕಷ್ಟದ ಮಾತುಕತೆಗಳನ್ನು ದಿನಕ್ಕೆ ಮೂರಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ನಾಲ್ಕನೆಯವರ ಪಾಲಿಗೆ ಸಿಗುವುದು ನಿಮ್ಮ ದಣಿವು ಮಾತ್ರ.

ಹೆಜ್ಜೆ 2: ಹಾಜರಿಯಲ್ಲಿ, ಪೇ ಸ್ಲಿಪ್‌ನಲ್ಲಿ ಮನಸ್ಸು ಓದುವುದು

ವರ್ಷಕ್ಕೊಮ್ಮೆ ನಡೆಸುವ ‘ಎಂಪ್ಲಾಯೀ ಸರ್ವೆ’ಯಿಂದ ಜನರ ಮನಸ್ಸು ತಿಳಿಯುತ್ತದೆ ಎಂದು ನಂಬಬೇಡಿ. ಅದರ ಫಲಿತಾಂಶ ಕೈಸೇರುವ ಹೊತ್ತಿಗೆ ಸಿಟ್ಟು ಹಳೆಯದಾಗಿ ಗಟ್ಟಿಯಾಗಿರುತ್ತದೆ. ಜನರ ಮನಸ್ಥಿತಿ ವಾರವಾರವೂ ಕಾಣುವ ಜಾಗಗಳು ಬೇರೆ ಇವೆ, ಅವುಗಳಿಗೆ ಖರ್ಚೂ ಇಲ್ಲ.

ಮೊದಲನೆಯದು, ಸಂಬಳ ಬಿದ್ದ ಮೂರು ದಿನ. ಆ ಮೂರು ದಿನ ಎಚ್‌ಆರ್ ಕೌಂಟರಿಗೆ ಬರುವ ಪ್ರಶ್ನೆಗಳನ್ನು ಒಂದೂ ಬಿಡದೆ ಬರೆಯಿರಿ. ದಿನಾಂಕ, ಲೈನ್ ಅಥವಾ ತಂಡ, ಪ್ರಶ್ನೆ ಏನು, ಎಷ್ಟು ರೂಪಾಯಿ, ಯಾರು ಉತ್ತರಿಸಬೇಕು, ಯಾವತ್ತು ಮುಗಿಯಿತು ಎಂಬ ಆರು ಕಾಲಂ ಸಾಕು. ಒಬ್ಬರು ಕೇಳಿದರೆ ಅದು ಅವರ ಪ್ರಶ್ನೆ. ಒಂದೇ ಲೈನಿನ ಮೂವರು ಅದನ್ನೇ ಕೇಳಿದರೆ ಅಲ್ಲಿನ ವ್ಯವಸ್ಥೆಯಲ್ಲಿ ತಪ್ಪಿದೆ ಎಂದು ತಿಳಿದು ಅದೇ ದಿನ ಪೇರೋಲ್‌ನವರನ್ನು ಕೂರಿಸಿಕೊಳ್ಳಿ. ಬಹಳ ಕಡೆ ಎಡವುವುದು ಇಲ್ಲೇ: ಕೌಂಟರಿನಲ್ಲಿ ಕೂತ ಹುಡುಗ ಮೂವರಿಗೂ ಬೇರೆಬೇರೆಯಾಗಿ ‘ಮುಂದಿನ ತಿಂಗಳು ಸೇರಿಸ್ತೀವಿ’ ಎಂದು ಹೇಳಿ ಕಳಿಸಿರುತ್ತಾನೆ, ಆ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರುವುದಿಲ್ಲ.

ಎರಡನೆಯದು ಗೈರುಹಾಜರಿ. ಇಡೀ ಕಾರ್ಖಾನೆಯ ಸರಾಸರಿ ನೋಡಿದರೆ ಏನೂ ತಿಳಿಯದು. ಸೂಪರ್‌ವೈಸರ್‌ವಾರು ಬಿಡಿಸಿ ನೋಡಿ. ಒಂದೇ ಮಹಡಿಯಲ್ಲಿ, ಒಂದೇ ಸಂಬಳಕ್ಕೆ, ಒಂದೇ ಬಟ್ಟೆ ಹೊಲಿಯುವ ಎರಡು ಲೈನುಗಳಲ್ಲಿ ಒಂದರಲ್ಲಿ ಮಾತ್ರ ಸೋಮವಾರದ ರಜೆ ಏರುತ್ತಿದ್ದರೆ ಆ ಲೈನಿನ ಬಳಿ ಹೋಗಿ ಅರ್ಧ ಗಂಟೆ ನಿಲ್ಲಿ. ಟಾರ್ಗೆಟ್ ಕೂಗುವ ದನಿ ಅಲ್ಲಿ ಹೇಗಿದೆ ಎಂದು ಕೇಳಿಸಿಕೊಳ್ಳಿ. ಟಾಯ್ಲೆಟ್ಟಿಗೆ ಹೋಗಲು ಯಾರನ್ನು ಕೇಳಬೇಕು, ಕೇಳಿದಾಗ ಏನು ಉತ್ತರ ಬರುತ್ತದೆ ಎಂಬುದನ್ನು ಗಮನಿಸಿ.

ಐಟಿ ಕಚೇರಿಗಳಲ್ಲಿ ಗುರುತುಗಳು ಬೇರೆ. ಮೊದಲು ಮೀಟಿಂಗಿನಲ್ಲಿ ವಾದಿಸುತ್ತಿದ್ದವರು ಎಲ್ಲದಕ್ಕೂ ‘ಓಕೆ’ ಎನ್ನತೊಡಗುತ್ತಾರೆ, ರಜೆಗಳನ್ನು ಒಂದೊಂದೇ ದಿನವಾಗಿ ಚೂರು ಮಾಡಿ ಹಾಕುತ್ತಾರೆ, ರಾತ್ರಿ ಹನ್ನೊಂದರ ಮೇಲೆ ಕಳಿಸಿದ ಮೆಸೇಜುಗಳು ಹೆಚ್ಚುತ್ತವೆ. ವಾದಿಸುತ್ತಿದ್ದವರು ಸುಮ್ಮನಾಗಿದ್ದಾರೆ ಎಂದರೆ ತಂಡ ಶಾಂತವಾಗಿದೆ ಎಂದು ಮ್ಯಾನೇಜರ್ ಭಾವಿಸುತ್ತಾರೆ. ಅವರು ಬೇರೆ ಕಡೆ ಇಂಟರ್‌ವ್ಯೂ ಕೊಡುತ್ತಿದ್ದಾರೆ ಎಂದು ನೀವು ಅನುಮಾನಿಸಬೇಕು.

ಹೆಜ್ಜೆ 3: ಎದುರು ಕೂರಿಸಿಕೊಂಡಾಗ

ಜಾಗದಿಂದ ಶುರು ಮಾಡೋಣ. ಶಾಪ್ ಫ್ಲೋರಿನಿಂದ ಕಾಣುವ ಗಾಜಿನ ಕ್ಯಾಬಿನ್ ಬೇಡ. ಅಲ್ಲಿಗೆ ಯಾರು ಹೋದರು, ಎಷ್ಟು ಹೊತ್ತಿದ್ದರು, ಕಣ್ಣೊರೆಸಿಕೊಂಡು ಬಂದರೆ ಇಲ್ಲವೆ ಎಂಬುದು ಅವರು ಮೆಷಿನ್ನಿಗೆ ಮರಳುವ ಮುಂಚೆಯೇ ಎಲ್ಲರಿಗೂ ಗೊತ್ತಾಗಿರುತ್ತದೆ. ಕ್ಯಾಂಟೀನ್ ಪಕ್ಕದ ಟ್ರೈನಿಂಗ್ ರೂಮು, ಡಿಸ್ಪೆನ್ಸರಿಯ ಪಕ್ಕದ ಕೋಣೆ ಇಂಥದ್ದು ವಾಸಿ. ಇಬ್ಬರಿಗೂ ಒಂದೇ ಎತ್ತರದ ಕುರ್ಚಿ ಇರಲಿ, ಟೇಬಲ್ಲಿನ ಎರಡು ಕಡೆ ಎದುರುಬದುರು ಕೂರುವ ಬದಲು ಮೂಲೆಯ ಎರಡು ಬದಿಗೆ ಕೂರಿ. ಫೋನು ಬ್ಯಾಗಿನೊಳಗೆ ಇರಲಿ. ನೀರು ಮೊದಲೇ ಇಟ್ಟಿರಬೇಕು. ಅಳು ಬಂದ ಮೇಲೆ ನೀರು ತರಲು ಎದ್ದುಹೋದರೆ ಮಾತು ಅಲ್ಲಿಗೇ ತುಂಡಾಗುತ್ತದೆ. ಪೀಸ್ ಲೆಕ್ಕದಲ್ಲಿ, ಟಾರ್ಗೆಟ್ ಮೇಲೆ ಕೆಲಸ ಮಾಡುವವರನ್ನು ಕರೆದರೆ ಆ ಹೊತ್ತನ್ನು ಟಾರ್ಗೆಟ್‌ನಿಂದ ಕಳೆಯುವಂತೆ ಸೂಪರ್‌ವೈಸರ್‌ಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಅವರ ಕಣ್ಣು ಗಡಿಯಾರದ ಮೇಲೇ ಇರುತ್ತದೆ.

‘ನೀವು’ ಎಂದೇ ಮಾತಾಡಿಸಿ. ಹತ್ತು ವರ್ಷ ದುಡಿದ ಹೆಂಗಸನ್ನು ಇಪ್ಪತ್ತೈದರ ಸೂಪರ್‌ವೈಸರ್ ಏಕವಚನದಲ್ಲಿ ಕರೆಯುವುದು ಬೆಂಗಳೂರಿನ ಕಾರ್ಖಾನೆಗಳಲ್ಲಿ ಮಾಮೂಲು. ಎಚ್‌ಆರ್ ಕೋಣೆಯಲ್ಲೂ ಅದೇ ಸಿಕ್ಕರೆ ದೂರು ಬಾಯಿಯಿಂದ ಹೊರಗೆ ಬರುವುದಿಲ್ಲ. ಒಡಿಶಾ, ಜಾರ್ಖಂಡ್, ಅಸ್ಸಾಂನಿಂದ ಬಂದವರ ಜತೆ ಮಾತಾಡಲು ದುಭಾಷಿ ಬೇಕಾದರೆ ಅವರದೇ ಸೂಪರ್‌ವೈಸರ್ ಅಥವಾ ಅವರನ್ನು ಕರೆತಂದ ಕಾಂಟ್ರಾಕ್ಟರ್ ಕಡೆಯವರನ್ನು ಕೂರಿಸಬೇಡಿ. ದೂರು ಅವರ ಮೇಲೆಯೇ ಇರಬಹುದು.

ಈಗ ಮಾತು. ಟೈಲರ್ ಒಬ್ಬರು ಪೇ ಸ್ಲಿಪ್ ಹಿಡಿದು ಬಂದಿದ್ದಾರೆ ಎಂದುಕೊಳ್ಳಿ.

‘ಎರಡು ದಿನದ ಸಂಬ್ಳ ಹಿಡ್ದವ್ರೆ ಮೇಡಂ. ನಾನು ರಜಾನೇ ಹಾಕಿಲ್ಲ.’

ಒಂದು ಥರದ ಉತ್ತರ ಹೀಗಿರುತ್ತದೆ: ‘ಸಿಸ್ಟಮ್‌ನಲ್ಲಿ ಆಬ್ಸೆಂಟ್ ಅಂತ ಇದೆ. ಪಂಚ್ ಮಾಡಿಲ್ಲ ಅಂದ್ರೆ ನಾವೇನ್ ಮಾಡೋಕಾಗುತ್ತೆ?’ ಇನ್ನೊಂದು ಥರ: ‘ಅಯ್ಯೋ, ಬೇಜಾರು ಮಾಡ್ಕೋಬೇಡಿ ಅಕ್ಕ, ಮುಂದಿನ ತಿಂಗಳು ನೋಡೋಣ.’ ಮೊದಲನೆಯದು ಒರಟು ಎಂದು ಯಾರಿಗೂ ಗೊತ್ತಾಗುತ್ತದೆ. ಎರಡನೆಯದರಲ್ಲೂ ಅಷ್ಟೇ ಕೆಡುಕಿದೆ, ಯಾಕೆಂದರೆ ಅದರಲ್ಲಿ ದಿನಾಂಕ ಇಲ್ಲ, ಹೊಣೆ ಹೊತ್ತವರಿಲ್ಲ. ಮಾತು ಹೀಗೆ ಸಾಗಬೇಕು:

‘ಎರಡು ದಿನ ದುಡಿದೂ ದುಡ್ಡು ಬಂದಿಲ್ಲ ಅಂದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಯಾವ ಎರಡು ದಿನ ಅಂತ ಗೊತ್ತಾಯ್ತಾ ಅಕ್ಕ?’

‘ಹನ್ನೊಂದು, ಹನ್ನೆರಡು. ಅವತ್ತು ಪಂಚಿಂಗ್ ಮಿಷನ್ನೇ ಕೆಟ್ಟಿತ್ತಲ್ಲ ಮೇಡಂ, ಬುಕ್ಕಲ್ಲಿ ಬರ್ಕೊಂಡ್ರು.’

‘ಆ ಬುಕ್ಕು ತರಿಸಿ ನೋಡ್ತೀನಿ. ಗುರುವಾರ ಊಟದ ಬೆಲ್ ಹೊಡೆದ ಮೇಲೆ ನಾನೇ ನಿಮ್ಮ ಲೈನ್ ಹತ್ರ ಬಂದು ಹೇಳ್ತೀನಿ. ಈ ದುಡ್ಡಿಲ್ದೆ ಈಗ ಏನಾದ್ರೂ ನಿಂತೋಗಿದೆಯಾ?’

‘ಬಾಡಿಗೆ ಕೊಡ್ಬೇಕು. ಚೀಟಿನೂ ಕಟ್ಬೇಕು, ನಾಳೆನೇ.’

ಕೊನೆಯ ಪ್ರಶ್ನೆಯನ್ನು ಗಮನಿಸಿ. ಪೇ ಸ್ಲಿಪ್‌ನಲ್ಲಿ ಅದು ಒಂದು ಸಾವಿರ ಚಿಲ್ಲರೆ ರೂಪಾಯಿ; ಆಕೆಯ ಪಾಲಿಗೆ ನಾಳೆ ನಾಲ್ಕು ಜನರ ಮುಂದೆ ಚೀಟಿ ತಪ್ಪುವ ಅವಮಾನ. ಆ ಪ್ರಶ್ನೆ ಕೇಳದ ಎಚ್‌ಆರ್‌ಗೆ ಗುರುವಾರ ಎನ್ನುವುದು ತಕ್ಕಮಟ್ಟಿಗೆ ಬೇಗವೇ ಅನಿಸುತ್ತದೆ. ಕೇಳಿದವರು ಅದೇ ಸಂಜೆ ಅಡ್ವಾನ್ಸ್ ಕೊಡಿಸುತ್ತಾರೆ. ಇದಕ್ಕಾಗಿಯೇ ಸಣ್ಣ ಮೊತ್ತದ ತುರ್ತು ಅಡ್ವಾನ್ಸನ್ನು ಫೈನಾನ್ಸ್‌ನವರ ಸಹಿಗೆ ಕಾಯದೆ ಕೊಡುವ ಅಧಿಕಾರವನ್ನು ಎಚ್‌ಆರ್ ಮುಖ್ಯಸ್ಥರು ಮೊದಲೇ ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳಬೇಕು. ಆ ಹನ್ನೊಂದು, ಹನ್ನೆರಡನೇ ತಾರೀಕು ಪುಸ್ತಕದಲ್ಲಿ ಹಾಜರಿ ಹಾಕಿಸಿಕೊಂಡವರು ಇನ್ನೆಷ್ಟು ಜನ ಎಂದು ಆ ದಿನವೇ ಹುಡುಕಿಸಿ. ಬಾಯಿ ಬಿಟ್ಟು ಕೇಳಲು ಬಂದವರು ಒಬ್ಬರು. ಹೆದರಿ ಸುಮ್ಮನಿದ್ದವರು ಮೂವತ್ತು ಜನ ಇರಬಹುದು.

ಪ್ರಶ್ನೆ ಕೇಳಿದ ಮೇಲೆ ಐದಾರು ಸೆಕೆಂಡು ಸುಮ್ಮನಿರಲು ಅಭ್ಯಾಸ ಮಾಡಿ. ಎಚ್‌ಆರ್‌ಗಳು ತಾವೇ ಉತ್ತರ ಸೂಚಿಸಿಬಿಡುವುದು ಈ ಮೌನ ತಡೆಯಲಾರದೆ. ‘ನನಗೆ ಅರ್ಥವಾಗುತ್ತದೆ’ ಎಂಬ ಮಾತನ್ನು ಬಿಟ್ಟೇಬಿಡಿ, ಅವರು ಹೇಳಿದ್ದನ್ನೇ ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ, ‘ಸರಿಯಾ?’ ಎಂದು ಕೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ, ಆ ತಿದ್ದುಪಡಿಯಲ್ಲೇ ಬಹಳ ಸಲ ನಿಜವಾದ ವಿಷಯ ಇರುತ್ತದೆ.

ಗಂಡಸರ ವಿಷಯದಲ್ಲಿ ಒಂದು ಮಾತು. ನೋವನ್ನು ಜಗಳವಾಗಿಯೋ ತಮಾಷೆಯಾಗಿಯೋ ಹೊರಹಾಕುವವರೇ ಹೆಚ್ಚು. ಮೇಜು ಕುಟ್ಟಿ ಮಾತಾಡಿದವರನ್ನು ಅದೇ ಕ್ಷಣ ಶಿಸ್ತುಕ್ರಮದ ಕಡೆಗೆ ತಳ್ಳದೆ, ‘ಹದಿನೈದು ನಿಮಿಷ ಬಿಟ್ಟು ಮತ್ತೆ ಕೂರೋಣ’ ಎಂದು ಎದ್ದು ಟೀ ತರಿಸಿ. ಎರಡನೇ ಸಲ ಕೂತಾಗ ಸಿಟ್ಟಿನ ಅಡಿಯಲ್ಲಿ ಇದ್ದ ಅವಮಾನ ಮೇಲೆ ಬರುತ್ತದೆ: ಎಲ್ಲರ ಮುಂದೆ ಬೈದದ್ದು, ತನಗಿಂತ ಕಿರಿಯರಿಗೆ ಪ್ರಮೋಷನ್ ಸಿಕ್ಕಿದ್ದು.

ಹೆಜ್ಜೆ 4: ಗುಟ್ಟಿನ ಮಾತು ಕೊಡುವ ಮುಂಚೆ

‘ಯಾರಿಗೂ ಹೇಳಬೇಡಿ ಮೇಡಂ’ ಎಂದು ಶುರುವಾಗುವ ಮಾತಿಗೆ ‘ಖಂಡಿತ ಹೇಳಲ್ಲ’ ಎಂದು ಒಪ್ಪಿಕೊಳ್ಳಬೇಡಿ. ಮುಂದೆ ಬರುವುದು ಲೈಂಗಿಕ ಕಿರುಕುಳದ ವಿಷಯವಾಗಿದ್ದರೆ, ಜೀವಕ್ಕೆ ಅಪಾಯದ ವಿಷಯವಾಗಿದ್ದರೆ ಸುಮ್ಮನಿರಲು ನಿಮಗೆ ಸಾಧ್ಯವಿಲ್ಲ. ಹೇಳಬೇಕಾದ ಮಾತು: ‘ಈ ವಿಷಯ ಯಾರಿಗೆ ತಿಳಿಯಲೇಬೇಕೋ ಅವರಿಗೆ ಮಾತ್ರ ತಿಳಿಯುತ್ತೆ. ಯಾರಿಗೆ, ಯಾವಾಗ ಹೇಳ್ತೀನಿ ಅಂತ ನಿಮಗೆ ಮೊದಲು ಹೇಳಿ ಆಮೇಲೆ ಹೇಳ್ತೀನಿ.’

ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಗಡುವುಗಳು ನಾಲಿಗೆಯ ತುದಿಯಲ್ಲಿರಬೇಕು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು, ಜತೆಗೆ ಹೊರಗಿನ ಒಬ್ಬ ಸದಸ್ಯರು. ಘಟನೆ ನಡೆದ ಮೂರು ತಿಂಗಳೊಳಗೆ ದೂರು, ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ವರದಿ ಹತ್ತು ದಿನಗಳಲ್ಲಿ ಕೈಸೇರಬೇಕು, ಅದರ ಮೇಲೆ ಆಡಳಿತ 60 ದಿನಗಳಲ್ಲಿ ಕ್ರಮ ಕೈಗೊಳ್ಳಬೇಕು. ರಾಜಿಯ ದಾರಿ ದೂರುದಾರರು ತಾವಾಗಿ ಕೇಳಿದರೆ ಮಾತ್ರ, ದುಡ್ಡಿನ ಆಧಾರದಲ್ಲಿ ರಾಜಿ ಕೂಡದು.

ಒಳ್ಳೆಯ ಮನಸ್ಸಿನ ಎಚ್‌ಆರ್‌ಗಳೇ ಇಲ್ಲಿ ದೊಡ್ಡ ಕೆಡುಕು ಮಾಡುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ‘ಮಾತಾಡಿ ಬಗೆಹರಿಸಿಕೊಳ್ಳಿ’ ಎನ್ನುತ್ತಾರೆ, ‘ಆಕೆಯ ಒಳ್ಳೆಯದಕ್ಕೆ’ ಎಂದು ದೂರು ಕೊಟ್ಟವರನ್ನೇ ಬೇರೆ ಲೈನಿಗೆ ಹಾಕುತ್ತಾರೆ. ನೋಡುವವರಿಗೆ ಶಿಕ್ಷೆ ಆಕೆಗೇ ಆದಂತೆ ಕಾಣುತ್ತದೆ, ಮುಂದಿನ ಐದು ವರ್ಷ ಆ ಮಹಡಿಯಿಂದ ಇನ್ನೊಂದು ದೂರು ಬರುವುದಿಲ್ಲ. ವರ್ಗಾವಣೆ ಅಥವಾ ರಜೆ ಬೇಕೆಂದು ಆಕೆಯೇ ಬರೆದು ಕೇಳಬೇಕು, ಸಮಿತಿ ಶಿಫಾರಸು ಮಾಡಬೇಕು; ಮೂರು ತಿಂಗಳವರೆಗೆ ರಜೆ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ವಿಚಾರಣೆ ನಡೆಯುವಾಗ, ಹೇಳಲು ಹೊಸದೇನೂ ಇಲ್ಲದಿದ್ದರೂ ವಾರಕ್ಕೊಮ್ಮೆ ಒಂದು ನಿಗದಿತ ದಿನ ಆಕೆಗೂ, ಆರೋಪ ಹೊತ್ತವರಿಗೂ ಬೇರೆಬೇರೆಯಾಗಿ ವಿಚಾರಣೆ ಎಲ್ಲಿಗೆ ಬಂದಿದೆ ಎಂದು ತಿಳಿಸಿ. ಸುದ್ದಿಯೇ ಇಲ್ಲದ ವಾರಗಳಲ್ಲಿ ಇಬ್ಬರೂ ಕೆಟ್ಟದ್ದನ್ನೇ ಕಲ್ಪಿಸಿಕೊಳ್ಳುತ್ತಾರೆ.

ಹೆಜ್ಜೆ 5: ಕೆಲಸ ಹೋಯಿತು ಎಂದು ಹೇಳುವುದು

ಸಂಸ್ಥೆಯ ನಡತೆಯ ಬಗ್ಗೆ ಉಳಿದವರು ತೀರ್ಮಾನಕ್ಕೆ ಬರುವುದು ಹೋಗುವವರನ್ನು ಕಳಿಸಿದ ರೀತಿಯಿಂದ. ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ ಹತ್ತೂವರೆ ಒಳ್ಳೆಯ ಹೊತ್ತು. ಶುಕ್ರವಾರ ಸಂಜೆ ಹೇಳಿದರೆ ಎರಡು ದಿನ ಅವರ ಪ್ರಶ್ನೆಗೆ ಉತ್ತರಿಸುವವರು ಯಾರೂ ಇರುವುದಿಲ್ಲ. ಲಾಗಿನ್ ಮೊದಲು ಬಂದ್ ಆಗಿ ವಿಷಯ ಆಮೇಲೆ ತಿಳಿಯುವುದು ಕ್ರೌರ್ಯ. ಐಟಿ ಭದ್ರತೆಯವರ ಜತೆ ಕೂತು ಸಮಯವನ್ನು ನಿಮಿಷದ ಲೆಕ್ಕದಲ್ಲಿ ಹೊಂದಿಸಿ.

ತೀರ್ಮಾನವನ್ನು ಮೊದಲ ಎರಡು ನಿಮಿಷದೊಳಗೆ ಹೇಳಿಬಿಡಿ. ಊರು, ಮನೆ, ಮಾರುಕಟ್ಟೆ ಎಂದು ಸುತ್ತಿ ಬಳಸಿದಷ್ಟೂ ಎದುರಿನವರ ಎದೆ ಹೊಡೆದುಕೊಳ್ಳುತ್ತದೆ. ‘ಸುರೇಶ್ ಅವರೇ, ನಿಮ್ಮ ಹುದ್ದೆಯನ್ನು ತೆಗೆಯುವ ತೀರ್ಮಾನ ಆಗಿದೆ. ಈ ತಿಂಗಳ 30 ನಿಮ್ಮ ಕೊನೆಯ ದಿನ. ಇದು ಬದಲಾಗುವುದಿಲ್ಲ’ ಎಂದು ಹೇಳಿ ಸುಮ್ಮನಾಗಿ. ಮುಂದಿನ ಮಾತನ್ನು ಅವರು ಆಡಲಿ. ‘ನಮಗೂ ಇದು ತುಂಬ ಕಷ್ಟ’ ಎನ್ನಬೇಡಿ. ಆ ಗಳಿಗೆಯಲ್ಲಿ ನಿಮ್ಮನ್ನು ಸಂತೈಸುವ ಹೊರೆ ಅವರ ತಲೆಗೆ ಬರಬಾರದು.

ಸುದ್ದಿ ಕೇಳಿದ ಮೇಲೆ ಆಡಿದ ಮಾತು ಹೆಚ್ಚಿನವರ ತಲೆಗೆ ಹೋಗುವುದಿಲ್ಲ. ಆದ್ದರಿಂದ ಒಂದು ಪುಟದ ಹಾಳೆ ಕೈಗೆ ಕೊಡಿ. ಅದರಲ್ಲಿ ಕೊನೆಯ ದಿನ, ಬರಬೇಕಾದ ಸಂಬಳ, ನೋಟಿಸ್ ಪೀರಿಯಡ್‌ನ ಮೊತ್ತ, ರಜೆಯ ದುಡ್ಡು, ಗ್ರಾಚ್ಯುಟಿ, ಆರೋಗ್ಯ ವಿಮೆ ಯಾವ ತಾರೀಕಿನವರೆಗೆ, ರಿಲೀವಿಂಗ್ ಲೆಟರ್ ಯಾವತ್ತು, ಸಂಶಯ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂದು ರೂಪಾಯಿ ಸಹಿತ ಇರಲಿ. ಕಾನೂನಿನ ಪ್ರಕಾರ ‘ಕೆಲಸಗಾರ’ ಎನಿಸಿಕೊಳ್ಳುವವರು ವರ್ಷ ಪೂರೈಸಿದ್ದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಲ್ಲಬೇಕು. ಕೆಲಸದಿಂದ ತೆಗೆದಾಗ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬ ನಿಯಮವನ್ನು ‘ಎಫ್ ಅಂಡ್ ಎಫ್‌ಗೆ 45 ದಿನ’ (ಕೊನೆಯ ಲೆಕ್ಕ ಚುಕ್ತಾ ಮಾಡಲು 45 ದಿನ) ಎನ್ನುವ ಕಚೇರಿ ರೂಢಿ ನುಂಗಿಹಾಕುತ್ತದೆ. ಅದಕ್ಕೆ ಅವಕಾಶ ಕೊಡಬೇಡಿ.

ಬೆಂಗಳೂರಿನಿಂದಲೇ ಅಮೆರಿಕದ ತಂಡಗಳನ್ನೂ ನೋಡಿಕೊಳ್ಳುವ ಎಚ್‌ಆರ್‌ಗಳು ಇನ್ನೊಂದು ವಿಷಯ ನೆನಪಿಡಬೇಕು. ಎಚ್‌-1ಬಿ ವೀಸಾದಲ್ಲಿರುವವರಿಗೆ ಕೆಲಸ ಕೊನೆಗೊಂಡ ಮೇಲೆ ಅಲ್ಲಿರಲು ಸಿಗುವ ಅವಧಿ ಹೆಚ್ಚೆಂದರೆ 60 ದಿನ. ಮಕ್ಕಳ ಶಾಲೆ, ಮನೆ ಸಾಲ ಎಲ್ಲವೂ ಆ ಅಂಕಿಗೆ ಕಟ್ಟಿಬಿದ್ದಿರುತ್ತವೆ. ಕೊನೆಯ ದಿನವನ್ನು ಎರಡು ವಾರ ಮುಂದೆ ಹಾಕಿಸಲು ನಿಮಗೆ ಸಾಧ್ಯವಾದರೆ, ಯಾವ ಸಾಂತ್ವನದ ಪತ್ರಕ್ಕಿಂತಲೂ ಅದು ದೊಡ್ಡ ಉಪಕಾರ.

ಹೆಜ್ಜೆ 6: ಮನೆಯಲ್ಲಿ ಸಾವಾದಾಗ

ಫೋನ್ ಬಂದ ದಿನ ಮರಣ ಪ್ರಮಾಣಪತ್ರ ಕೇಳಬೇಡಿ, ರಜೆ ಅರ್ಜಿ ಕೇಳಬೇಡಿ, ‘ಯಾವತ್ತು ಬರ್ತೀರಿ’ ಎಂದೂ ಕೇಳಬೇಡಿ. ರಜೆಯನ್ನು ಎಚ್‌ಆರ್‌ನಿಂದಲೇ ಹಾಕಿಸಿ. ಹನ್ನೊಂದನೆಯ ದಿನ, ಹದಿಮೂರನೆಯ ದಿನ, ನಲವತ್ತನೆಯ ದಿನ ಎಂದು ಆಚರಣೆ ಮನೆಮನೆಗೂ ಬೇರೆ. ಮೂರೇ ದಿನದ ರಜೆ ಎಂದು ಪಾಲಿಸಿಯಲ್ಲಿ ಬರೆದಿದ್ದರೆ ಆ ಪಾಲಿಸಿಯನ್ನೇ ತಿದ್ದಿಸಿ. ಅವರು ಮರಳಿ ಬರುವ ದಿನ ತಂಡದವರು ಏನು ಮಾತಾಡಬೇಕೆಂದು ತೋಚದೆ ದೂರ ಸರಿಯುತ್ತಾರೆ. ಮ್ಯಾನೇಜರ್ ಮೊದಲು ಹೋಗಿ, ತೀರಿಕೊಂಡವರ ಹೆಸರು ಹಿಡಿದೇ ಒಂದು ಮಾತಾಡಲಿ, ಮೊದಲ ವಾರ ಕೆಲಸ ಅರ್ಧಕ್ಕಿಳಿಸಲಿ.

ಉದ್ಯೋಗಿಯೇ ತೀರಿಕೊಂಡರೆ ಕುಟುಂಬಕ್ಕೆ ಬರಬೇಕಾದ್ದನ್ನು ಬರುವಂತೆ ಮಾಡುವುದೇ ನಿಮ್ಮ ಸಂತಾಪ. ಪಿಎಫ್ ಹಣಕ್ಕೆ ಫಾರಂ 20, ಪಿಂಚಣಿಗೆ ಫಾರಂ 10ಡಿ, ಇಡಿಎಲ್‌ಐ ಎಂಬ, ಪಿಎಫ್ ಜತೆಗೇ ಬರುವ ಜೀವ ವಿಮೆಗೆ ಫಾರಂ 5ಐಎಫ್. ಈ ವಿಮೆಯಲ್ಲಿ ಗರಿಷ್ಠ ಏಳು ಲಕ್ಷ ರೂಪಾಯಿವರೆಗೆ ಬರುತ್ತದೆ ಎನ್ನುವುದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದರೆ ಅಂತ್ಯಕ್ರಿಯೆಗೆ 15,000 ರೂಪಾಯಿವರೆಗೆ ಸಿಗುತ್ತದೆ. ಕಾರ್ಯಗಳು ಮುಗಿದ ಮೇಲೆ ಎಲ್ಲ ಫಾರಂ ತುಂಬಿಸಿಕೊಂಡು, ಸಹಿ ಬೇಕಾದ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿ, ಒಬ್ಬರೇ ಅವರ ಮನೆಗೆ ಒಂದೇ ಸಲ ಹೋಗಿ. ನಾಮಿನಿ ಹೆಸರು, ಆಧಾರ್‌ನ ಹೆಸರು, ಬ್ಯಾಂಕ್ ಪಾಸ್‌ಬುಕ್‌ನ ಹೆಸರು ಮೂರೂ ಒಂದೇ ರೀತಿ ಇವೆಯೆ ಎಂದು ಹೊರಡುವ ಮುಂಚೆಯೇ ನೋಡಿಕೊಳ್ಳಿ. ಕ್ಲೇಮುಗಳು ಬಹುಪಾಲು ಸಿಕ್ಕಿಬೀಳುವುದು ಅಲ್ಲಿ. ಮದುವೆಗೆ ಮುಂಚೆ ಸೇರಿದವರ ನಾಮಿನಿ ಜಾಗದಲ್ಲಿ ತಾಯಿಯ ಹೆಸರೇ ಉಳಿದಿರುವುದೂ ಬಹಳ. ಬದುಕಿರುವವರ ನಾಮಿನಿ ವಿವರಗಳನ್ನು ವರ್ಷಕ್ಕೊಮ್ಮೆ ಸರಿಪಡಿಸುವ ಕೆಲಸ ಈ ತಿಂಗಳೇ ಶುರುವಾಗಲಿ.

ಹೆಜ್ಜೆ 7: ಸೂಪರ್‌ವೈಸರ್‌ಗಳಿಗೆ ಕಲಿಸುವುದು

ಕೆಲಸಗಾರರ ಪಾಲಿಗೆ ಕಂಪನಿ ಎಂದರೆ ಅವರ ಸೂಪರ್‌ವೈಸರ್. ಅವರಿಗೆ ಇಡೀ ದಿನದ ಸೆಮಿನಾರ್ ದಂಡ. ಎಂಟು ವಾರ, ವಾರಕ್ಕೆ 90 ನಿಮಿಷ, ಒಂದು ಗುಂಪಿನಲ್ಲಿ ಹನ್ನೆರಡು ಜನ ಸಾಕು. ಪ್ರತಿ ವಾರ ಒಂದೇ ಸನ್ನಿವೇಶ ತೆಗೆದುಕೊಳ್ಳಿ: ತಡವಾಗಿ ಬಂದವರನ್ನು ಮಾತಾಡಿಸುವುದು, ಹಾಳಾದ ಪೀಸ್ ತೋರಿಸುವುದು, ರಜೆ ಇಲ್ಲ ಎನ್ನುವುದು. ಇಬ್ಬಿಬ್ಬರಾಗಿ ಆಡಿಸಿ, ಆಮೇಲೆ ಪಾತ್ರ ಅದಲು ಬದಲು ಮಾಡಿ. ಬೈಸಿಕೊಳ್ಳುವ ಜಾಗದಲ್ಲಿ ಐದು ನಿಮಿಷ ನಿಂತದ್ದು ಹತ್ತು ಸ್ಲೈಡಿಗಿಂತ ಹೆಚ್ಚು ಕಲಿಸುತ್ತದೆ.

ಆದರೆ ಮೇಲಿನಿಂದ ಟಾರ್ಗೆಟ್ ಒತ್ತಡ ಹಾಗೇ ಇದ್ದರೆ ತರಬೇತಿ ಎರಡು ವಾರವೂ ನಿಲ್ಲುವುದಿಲ್ಲ. ಗಂಟೆಗೆ ಎಷ್ಟು ಪೀಸ್ ಎಂಬ ಗುರಿಯನ್ನು ಯಾರು, ಯಾವ ಲೆಕ್ಕದಲ್ಲಿ ಇಟ್ಟರು ಎಂದು ಪ್ರೊಡಕ್ಷನ್ ಮ್ಯಾನೇಜರ್ ಜತೆ ಕೂತು ಕೇಳಿ. ಹೊಸ ಸ್ಟೈಲ್ (ಬಟ್ಟೆಯ ವಿನ್ಯಾಸ) ಬಂದ ಮೊದಲ ದಿನಗಳಲ್ಲಿ ಕೈ ಹಿಡಿಯುವವರೆಗೆ ಗುರಿ ತಗ್ಗಿಸಿದ ಲೈನುಗಳಲ್ಲಿ ಬೈಗುಳವೂ ತಗ್ಗುತ್ತದೆ. ಸೂಪರ್‌ವೈಸರ್‌ಗಳ ಅಪ್ರೈಸಲ್‌ನಲ್ಲಿ ಉತ್ಪಾದನೆಯ ಜತೆಗೆ ಅವರ ಲೈನಿನಿಂದ ಕೆಲಸ ಬಿಟ್ಟವರ ಸಂಖ್ಯೆಯನ್ನೂ ಸೇರಿಸಿ.

ಹೆಜ್ಜೆ 8: ನಿಮ್ಮ ತಂಡವೂ ಮನುಷ್ಯರದೇ

ದಿನವಿಡೀ ಇತರರ ಅಳು ಕೇಳುವ ಎಚ್‌ಆರ್ ಎಕ್ಸಿಕ್ಯುಟಿವ್‌ಗಳು ವರ್ಷದೊಳಗೆ ಒರಟಾಗುತ್ತಾರೆ ಇಲ್ಲವೆ ಬಿಟ್ಟುಹೋಗುತ್ತಾರೆ. ವಾರಕ್ಕೊಮ್ಮೆ 45 ನಿಮಿಷ, ಹೆಸರುಗಳನ್ನು ಬಿಟ್ಟು, ‘ಈ ವಾರ ಯಾವ ಮಾತು ಮನೆಗೂ ಹಿಂಬಾಲಿಸಿತು’ ಎಂದು ಎಲ್ಲರಿಂದಲೂ ಕೇಳಿ. ಆ ಹೊತ್ತಿನಲ್ಲಿ ಕೆಲಸದ ಪಟ್ಟಿ ತೆಗೆಯಬೇಡಿ. ಕೆಲಸಗಾರರಲ್ಲಾಗಲಿ, ನಿಮ್ಮವರಲ್ಲಾಗಲಿ ಸಾಯುವ ಮಾತು, ನಿದ್ದೆ ಪೂರ್ತಿ ತಪ್ಪಿದ್ದು ಕಂಡರೆ ನೀವೇ ಕೌನ್ಸೆಲಿಂಗ್ ಮಾಡಲು ಹೋಗಬೇಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ಸೇವೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿದ್ದು ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ ಬರೆದ ಚೀಟಿ ಕೊಟ್ಟು ಕಳಿಸದೆ, ಅವರು ಒಪ್ಪಿದರೆ ಪಕ್ಕದಲ್ಲೇ ಕೂತು ಕರೆ ಮಾಡಿಸಿ, ಸಂಜೆ ಮನೆಗೆ ಯಾರ ಜತೆ ಹೋಗುತ್ತಾರೆಂದು ಕೇಳಿ.

ಹೆಜ್ಜೆ 9: ಭಾವನೆಯನ್ನು ಆಡಳಿತದ ಮುಂದಿಡುವುದು

‘ಜನ ಬೇಜಾರಾಗಿದ್ದಾರೆ ಸಾರ್’ ಎಂದರೆ ಯಾವ ಮ್ಯಾನೇಜಿಂಗ್ ಡೈರೆಕ್ಟರೂ ಕದಲುವುದಿಲ್ಲ. ತಿಂಗಳಿಗೊಮ್ಮೆ ಒಂದೇ ಪುಟದಲ್ಲಿ ನಾಲ್ಕು ಸಂಖ್ಯೆ ಇಡಿ: ಸಂಬಳದ ಪ್ರಶ್ನೆಗಳು ಎಷ್ಟು ಬಂದವು, ಮುಗಿಯಲು ಸರಾಸರಿ ಎಷ್ಟು ದಿನ ಹಿಡಿಯಿತು, ಮುಗಿಯಿತು ಎಂದ ಮೇಲೂ ಮತ್ತೆ ಬಂದವು ಎಷ್ಟು, ಸೂಪರ್‌ವೈಸರ್‌ವಾರು ಬಿಟ್ಟುಹೋದವರು ಎಷ್ಟು. ಪ್ರತಿಯೊಂದರ ಪಕ್ಕದಲ್ಲಿ ಅದರಿಂದಾದ ಖರ್ಚನ್ನು ರೂಪಾಯಿಯಲ್ಲಿ ಬರೆಯಿರಿ: ಹೊಸಬರನ್ನು ಹುಡುಕಿ ಕಲಿಸಲು ತಗುಲಿದ್ದು, ನಿಂತ ಲೈನಿನ ಗಂಟೆಗಳು. ವ್ಯವಸ್ಥೆ ಶುರುವಾದ ಮೊದಲ ಮೂರು ತಿಂಗಳು ದೂರುಗಳ ಸಂಖ್ಯೆ ಏರುತ್ತದೆ. ಗಾಬರಿಯಾಗಿ ಅದನ್ನು ತಗ್ಗಿಸಲು ಹೋಗಬೇಡಿ, ಜನ ನಂಬಿ ಬಾಯಿ ಬಿಡುತ್ತಿದ್ದಾರೆ ಎಂದು ಆಡಳಿತಕ್ಕೆ ಮೊದಲೇ ಹೇಳಿಟ್ಟಿರಿ. ಅನಾಮಧೇಯ ಚೀಟಿಗಳು ಕಡಿಮೆಯಾಗಿ ಹೆಸರು ಹಾಕಿದ ದೂರುಗಳು ಹೆಚ್ಚುತ್ತಿದ್ದರೆ ದಾರಿ ಸರಿಯಿದೆ.

20 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಕಡ್ಡಾಯ. ಬಹಳ ಕಡೆ ಅದು ಆಡಿಟ್‌ಗೆ ತೋರಿಸುವ ಫೈಲು ಮಾತ್ರ. ಅದರ ಸಭೆಯನ್ನು ಸಂಬಳದ ದಿನದ ಮರುವಾರಕ್ಕೆ ಇಡಿ, ಕೆಲಸಗಾರರ ಪ್ರತಿನಿಧಿಗಳನ್ನು ಅವರೇ ಆರಿಸಲಿ, ನಡಾವಳಿಯನ್ನು ಕನ್ನಡದಲ್ಲೂ ಹಿಂದಿಯಲ್ಲೂ ಕ್ಯಾಂಟೀನ್ ಗೋಡೆಗೆ ಹಚ್ಚಿ.

ಇಷ್ಟೆಲ್ಲ ಆಗಿಯೂ ಆಡಳಿತ ಒಪ್ಪದ ದಿನ ಬರುತ್ತದೆ. ಸಂಬಳ ಹತ್ತು ದಿನ ತಡವಾಗುತ್ತದೆ, ಅದಕ್ಕೆ ಸುಳ್ಳು ಕಾರಣ ಹೇಳಿ ಎಂಬ ಸೂಚನೆ ನಿಮಗೆ ಬರುತ್ತದೆ. ಸುಳ್ಳು ಹೇಳಬೇಡಿ. ನಿಮ್ಮ ಆಕ್ಷೇಪವನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸಿ: ಯಾವ ಕಾನೂನಿಗೆ ಇದು ವಿರುದ್ಧ, ಎಷ್ಟು ಜನರಿಗೆ ತಟ್ಟುತ್ತದೆ, ನಿಮ್ಮ ಬದಲಿ ಸಲಹೆ ಏನು. ಎಲ್ಲರಿಗೂ ಕೊಡಲು ದುಡ್ಡಿಲ್ಲದಿದ್ದರೆ ಕಡಿಮೆ ಸಂಬಳದವರಿಗೆ ಮೊದಲು ಕೊಡಿಸಿ, ಮ್ಯಾನೇಜರ್‌ಗಳದು ಕೊನೆಗೆ ಇರಲಿ, ಆ ಪಟ್ಟಿಯ ಕೊನೆಯಲ್ಲಿ ನಿಮ್ಮ ಹೆಸರು ಹಾಕಿಕೊಳ್ಳಿ. ಆಮೇಲೆ ಲೈನಿಗೆ ನೀವೇ ಹೋಗಿ, ಯಾವ ತಾರೀಕಿಗೆ ಎಷ್ಟು ಬರುತ್ತದೆ ಎಂದು ಮೈಕ್ ಇಲ್ಲದೆ, ಪಾಳಿ ಪಾಳಿಗೂ ಬೇರೆಬೇರೆಯಾಗಿ ಹೇಳಿ. ಕೇಳುವ ಪ್ರಶ್ನೆಗಳು ಮುಗಿಯುವವರೆಗೆ ಅಲ್ಲಿಂದ ಹೊರಡಬೇಡಿ.